ಹೃದಯಸ್ನಾಯುವಿನ ಉರಿಯೂತ : ಬಯಾಪ್ಸಿಯಿಂದ ರೋಗಗತಿಯನ್ನರಿಯುವ ಬಗೆ

ವೈರಸ್ಸುಗಳ ಸೋಂಕಿನಿಂದಾಗಲಿ, ಕೆಲವು ಔಷಧಗಳಿಂದಾಗಲಿ, ಶರೀರದ ರಕ್ಷಣಶಕ್ತಿಯು ತನ್ನ ಮೇಲೆಯೇ ತಿರುಗಿಬೀಳುವುದರಿಂದಾಗಲಿ ಹೃದಯದ ಸ್ನಾಯುವಿನಲ್ಲಿ ಉರಿಯೂತವುಂಟಾದರೆ ಅದನ್ನು ಮಯೊಕಾರ್ಡೈಟಿಸ್ ಎನ್ನುವರು. ಈ ರೋಗದ ಗತಿಯು ಏಕರೂಪವಾದುದಲ್ಲ. ಬಹುಮಂದಿ ಗುಣಹೊಂದುವರು, ಕೆಲವರಲ್ಲಿ ಹೃದಯವು ಹಿಗ್ಗಿ ಶಾಶ್ವತವಾಗಿ ದುರ್ಬಲವಾಗುವುದು, ಮತ್ತೆ ಕೆಲವರು ದಿನಗಳೊಳಗೇ ಮೃತರಾಗುವರು. ಮೊದಲಲ್ಲಿ ಈ ಮೂರು ಬಗೆಯವರ ಲಕ್ಷಣಗಳೂ ಒಂದೇ ತೆರನಾಗಿ ತೋರಬಹುದು. ಆದುದರಿಂದ ಹೃದಯದ ತುಣುಕನ್ನೇ ತೆಗೆದು ನೋಡಿ ಮುಂದಿನ ಗತಿಯನ್ನರಿಯುವ ಕ್ರಮವು ವಿಚಾರಾರ್ಹವಾಗಿದೆ.

ಈ ಕ್ರಮವನ್ನು 1962ರಲ್ಲಿ ಜಪಾನಿನ ಸಕಕಿಬಾರಾ ಮತ್ತು ಕೊನ್ನೊ ಎಂಬ ವೈದ್ಯರು ಪ್ರಕಟಿಸಿದರು. ಕುತ್ತಿಗೆಯ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ, ತುದಿಯಲ್ಲಿ ಚಿಮಟವುಳ್ಳ ಸಣ್ಣ ಕೊಳವೆಯನ್ನು ಸಾಮಾನ್ಯವಾಗಿ ಬಲ ಹೃತ್ಕುಕ್ಷಿಗೆ ಒಯ್ದು, 1-2 ಮಿಲಿಮೀಟರಿನ ತುಣುಕುಗಳನ್ನು ತೆಗೆಯುವರು. ಉರಿಯೂತವು ಸ್ನಾಯುವಿನಲ್ಲಿ ಅಲ್ಲಲ್ಲಿ ಚೆದುರಿರುವುದರಿಂದ ಒಂದು ತುಣುಕು ಸಾಲದು; ಐದಾದರೂ ಬೇಕು.

1987ರಲ್ಲಿ ಪ್ರಕಟವಾದ ಡಲ್ಲಾಸ್ ನಿಯಮದಂತೆ, ಸೂಕ್ಷ್ಮದರ್ಶಕದಲ್ಲಿ ಉರಿಯೂತದ ಜೀವಕಣಗಳೂ ಸ್ನಾಯುಕಣಗಳ ನಾಶವೂ ಕಂಡರೆ ರೋಗವು ನಿಶ್ಚಿತವೆಂದು ಎಣಿಸಲಾಯಿತು. ಆದರೆ ಈ ನಿರ್ಣಯವು ಭವಿಷ್ಯವನ್ನು ತಿಳಿಸಲು ಸಾಲದಾಯಿತು. ಜರ್ಮನಿಯಲ್ಲಿ 181 ರೋಗಿಗಳನ್ನು ಸರಾಸರಿ ಸುಮಾರು ಐದು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಲ್ಲಾಸ್ ನಿಯಮವಾಗಲಿ ವೈರಸ್ಸಿನ ಇರುವಿಕೆಯಾಗಲಿ ಮರಣವನ್ನು ಸೂಚಿಸಲಿಲ್ಲ. ವಿಶೇಷ ವರ್ಣಲೇಪನದಿಂದ ಗುರುತಿಸಲ್ಪಟ್ಟ ಉರಿಯೂತದ ಕಣಗಳು, ಅಲ್ಪಶ್ರಮಕ್ಕೇ ಏದುಸಿರು ಬರುವ ಸ್ಥಿತಿ, ಬೀಟಾ-ಬ್ಲಾಕರ್ ಔಷಧವನ್ನು ಪಡೆಯದಿರುವುದು, ಇವು ಮೂರೇ ಕೆಡುಕಿನ ಸೂಚಕಗಳಾದುವು.

ಉರಿಯೂತವಿದೆಯೆ ಎಂಬುದಕ್ಕಿಂತಲೂ ಅದು ಯಾವ ಬಗೆಯದು ಎಂಬುದು ಮುಖ್ಯ. ದೈತ್ಯಕಣಗಳುಳ್ಳ ಬಗೆಯು ಅತಿಕ್ರೂರವಾದುದು. 1997ರಲ್ಲಿ ಪ್ರಕಟವಾದ 63 ರೋಗಿಗಳ ವರದಿಯಂತೆ, ಮೊದಲ ಲಕ್ಷಣದಿಂದ ಮರಣದವರೆಗೆ ಅಥವಾ ಹೃದಯದ ಬದಲಾವಣೆಯವರೆಗೆ ಮಧ್ಯಮಾವಧಿಯು ಕೇವಲ ಐದೂವರೆ ತಿಂಗಳು. ರಕ್ಷಣಶಕ್ತಿಯನ್ನು ತಗ್ಗಿಸುವ ಔಷಧಗಳ ಸಂಯೋಗವನ್ನು ಪಡೆದವರು ಹೆಚ್ಚು ಕಾಲ ಬದುಕಿದರು. ಹೀಗೆ ಇಲ್ಲಿ ತುಣುಕು ಗತಿಯನ್ನು ಹೇಳುವುದಲ್ಲದೆ ಚಿಕಿತ್ಸೆಯನ್ನೂ ನಿರ್ಧರಿಸುವುದು.

ಹಠಾತ್ತಾಗಿ ರಕ್ತದೊತ್ತಡ ಕುಸಿಯುವ ಉಗ್ರರೂಪವನ್ನು ದಾಟಿದವರು ದೀರ್ಘಕಾಲ ಬದುಕುವರೆಂದು 2000ದ ಅಧ್ಯಯನವೊಂದು ಸೂಚಿಸಿತ್ತು. ಬಯಾಪ್ಸಿಯಿಂದ ರೋಗವು ದೃಢಪಟ್ಟ 220 ರೋಗಿಗಳ 2019ರ ಅಧ್ಯಯನವು ಇದನ್ನು ತಿದ್ದಿತು: ಉಗ್ರರೂಪದವರಲ್ಲಿ ನೂರಕ್ಕೆ 28 ಮಂದಿ 60 ದಿನಗಳೊಳಗೆ ಮೃತರಾದರು ಅಥವಾ ಬೇರೆ ಹೃದಯವನ್ನು ಪಡೆದರು, ಉಳಿದವರಲ್ಲಿ ಈ ಸಂಖ್ಯೆಯು 2ಕ್ಕೂ ಕಡಿಮೆ.

ಈ ಪರೀಕ್ಷೆಗೆ ನುರಿತ ಹೃದ್ರೋಗವೈದ್ಯರೂ, ತುಣುಕನ್ನು ಓದಬಲ್ಲ ರೋಗಶಾಸ್ತ್ರಜ್ಞರೂ ಬೇಕು. ಚಾಮರಾಜನಗರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇರುವುದಾದರೂ, ಅಲ್ಲಿಯವರಿಗೂ ಗುಂಡ್ಲುಪೇಟೆಯವರಿಗೂ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯಿರುವ ಮೈಸೂರು ಸುಮಾರು 60 ಕಿಲೋಮೀಟರು. ಮಲೆಮಹದೇಶ್ವರ ಬೆಟ್ಟದ ಹಾಡಿಗಳವರಿಗೆ ದಾರಿ ಇನ್ನೂ ಉದ್ದ. ಜ್ವರದ ಹಿಂದೆ ಎದೆನೋವು ಬಂದವರೆಲ್ಲರಿಗೂ ಬಯಾಪ್ಸಿ ಬೇಕಿಲ್ಲ. 2007ರಲ್ಲಿ ಅಮೆರಿಕ ಮತ್ತು ಯೂರೋಪಿನ ಹೃದ್ರೋಗ ಸಂಘಗಳು ಹೇಳಿದಂತೆ, ಎರಡು ವಾರದೊಳಗೆ ಹೊಸದಾಗಿ ಹೃದಯ ಸೋತು ರಕ್ತಪರಿಚಲನೆಯು ಕುಸಿದವರಿಗೆ, ಅಥವಾ ಮೂರು ತಿಂಗಳೊಳಗೆ ಹೃದಯವು ಹಿಗ್ಗಿ, ಬಡಿತವು ಅಪಾಯಕರವಾಗಿ ತಪ್ಪಿದವರಿಗೆ ಇಲ್ಲವೆ ಒಂದೆರಡು ವಾರದ ಚಿಕಿತ್ಸೆಗೂ ಮಣಿಯದವರಿಗೆ ಅದು ಅವಶ್ಯ. ಈ ಲಕ್ಷಣಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಗುರುತಿಸಬಹುದು. ಅಂಥವರನ್ನು ವಿಳಂಬವಿಲ್ಲದೆ ಕಳುಹಿಸಿದರೆ ಮಾತ್ರ ತುಣುಕು ತಿಳಿಸುವ ಸಂಗತಿಯು ರೋಗಿಗೆ ಪ್ರಯೋಜನಕರವಾಗುವುದು.