ಹಳೆಯ ಫೋಟೊಗಳಲ್ಲಿ ವೈಟ್‌ಫೀಲ್ಡ್

ವೈಟ್‌ಫೀಲ್ಡ್ ಎಂದೊಡನೆ ಇಂದಿನವರಿಗೆ ನೆನಪಾಗುವುದು ಗಾಜಿನ ಕಟ್ಟಡಗಳು, ಮುಗಿಯದ ವಾಹನಗಳ ಸಾಲು, 2023ರಲ್ಲಿ ಬಂದ ಮೆಟ್ರೊ. ಅದೇ ಊರಿನ ಹಳೆಯ ಫೋಟೊವೊಂದನ್ನು ಕೈಗಿತ್ತರೆ ಬೆಂಗಳೂರಿಗರೂ ಗುರುತು ಹಿಡಿಯಲಾರರು. ಇಳಿಜಾರು ಹೆಂಚಿನ ಸೂರು, ಕಿಟಕಿಯ ಮೇಲೆ ಮರದ ಪಟ್ಟಿಗಳ 'ಮಂಕಿ ಟಾಪ್', ವರಾಂಡದಲ್ಲಿ ಬೆತ್ತದ ಕುರ್ಚಿ, ಕೋಟು ತೊಟ್ಟ ಯಜಮಾನ, ಉದ್ದ ಗೌನಿನ ಹೆಂಗಸರು.

ಇವರು ಯಾರು? 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಯುರೇಷ್ಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ನೆಲ ಕೊಟ್ಟರು. ಐರೋಪ್ಯ ಮತ್ತು ಭಾರತೀಯ ರಕ್ತ ಬೆರೆತ ಈ ಜನ ರೈಲು, ತಂತಿ, ಕಸ್ಟಮ್ಸ್ ಇಲಾಖೆಗಳ ನೌಕರಿಯನ್ನೇ ನೆಚ್ಚಿಕೊಂಡಿದ್ದರು. ನೌಕರಿಯ ನೆಚ್ಚಿಕೆ ಬಿಟ್ಟು ಸ್ವಂತ ನೆಲದಲ್ಲಿ ರೈತರಾಗಿ ನಿಲ್ಲಬೇಕೆಂದು ಆಸೆಪಟ್ಟವರು ಮದರಾಸಿನ ಡಿ. ಎಸ್. ವೈಟ್. ಊರಿಗೆ ಅವರದೇ ಹೆಸರು. ನಡುವೆ ಬಯಲು, ಅದರ ಸುತ್ತ ಮನೆಗಳು, ಇನ್ನೊಂದು ಹೊರಸುತ್ತು. 'ಇನ್ನರ್ ಸರ್ಕಲ್', 'ಔಟರ್ ಸರ್ಕಲ್' ಎಂಬ ಹೆಸರುಗಳು ಇಂದಿಗೂ ಉಳಿದಿರುವುದು ಆ ನಕ್ಷೆಯಿಂದಲೇ.

ಹಾಗಾದರೆ ಫೋಟೊಗಳಲ್ಲಿ ನೇಗಿಲು ಕಾಣಬೇಕಿತ್ತಲ್ಲವೆ? ಕಾಣುವುದು ವರಾಂಡವೇ ಹೆಚ್ಚು. ಇದಕ್ಕೆ ಒಂದು ಕಾರಣ ಕ್ಯಾಮೆರಾದ್ದು. ಮೊದಮೊದಲು ಫೋಟೊ ಎಂದರೆ ಗಾಜಿನ ಫಲಕ, ಮೂರು ಕಾಲಿನ ಸ್ಟ್ಯಾಂಡು, ಹಬ್ಬದುಡುಪು. 1900ರಲ್ಲಿ ಕೊಡಕ್ ಕಂಪನಿ ಒಂದು ಡಾಲರಿನ 'ಬ್ರೌನಿ' ತಂದ ಮೇಲಷ್ಟೇ ಮನೆಯವರೇ ಚಿತ್ರ ತೆಗೆಯುವುದು ಸುಲಭವಾಯಿತು. ಇನ್ನೊಂದು ಕಾರಣ ನೆಲದ್ದು. ಮಳೆ, ಬಾವಿಗಳನ್ನೇ ನಂಬಿದ ಈ ಎತ್ತರದ ಭೂಮಿಯಲ್ಲಿ ಒಕ್ಕಲುತನ ಎಣಿಸಿದಷ್ಟು ಕೈಹಿಡಿಯಲಿಲ್ಲ. ರೈತರ ಊರಾಗಬೇಕಿದ್ದುದು ಕ್ರಮೇಣ ನಿವೃತ್ತರ ಊರಾಯಿತು. ವರಾಂಡದ ಆ ನಿಶ್ಚಿಂತೆಯನ್ನು ಐಶ್ವರ್ಯವೆಂದು ತಿಳಿಯುವುದು ಅವಸರದ ಮಾತಾದೀತು. ಎಷ್ಟೋ ಮನೆಗಳಲ್ಲಿ ಅದು ಪಿಂಚಣಿಯ ಬದುಕು.

ಇಂಥ ಚಿತ್ರಗಳನ್ನು ನೋಡುವಾಗ ಅಂಚನ್ನೂ ನೋಡಬೇಕು. ಕೂಸನ್ನೆತ್ತಿಕೊಂಡ ಆಯಾ, ಕುದುರೆಯ ಲಗಾಮು ಹಿಡಿದ ಹುಡುಗ, ಅರ್ಧ ಕತ್ತರಿಸಿಹೋದ ಮಾಲಿ. ಕುರ್ಚಿಯಲ್ಲಿ ಕುಳಿತವರ ಹೆಸರು ಹಿಂಬದಿಯಲ್ಲಿ ಬರೆದಿದ್ದರೂ ಇವರ ಹೆಸರು ಬರೆದಿರುವುದು ಅಪರೂಪ. ವಸಾಹತಿನ ಸುತ್ತಮುತ್ತ ಹಗದೂರು, ನಲ್ಲೂರಹಳ್ಳಿ, ಇಮ್ಮಡಿಹಳ್ಳಿಗಳು ಮೊದಲೇ ಇದ್ದವು. ಆ ಊರುಗಳಲ್ಲಿ ಆಗ ಕ್ಯಾಮೆರಾ ಇಟ್ಟುಕೊಂಡವರು ಯಾರಿದ್ದರು?

ಫೋಟೊ ಇಲ್ಲದೆಯೂ ಬಾಳುವ ಕಥೆಗಳುಂಟು. 1896ರಲ್ಲಿ ಬೆಂಗಳೂರು ದಂಡಿಗೆ ಬಂದ ತರುಣ ಚರ್ಚಿಲ್, ಇಲ್ಲಿನ ವೇವರ್ಲಿ ಇನ್ ಮಾಲೀಕನ ಮಗಳಿಗೆ ಮನಸೋತನಂತೆ. 'ಅಂತೆ' ಎಂಬಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

1947ರ ನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬ್ರಿಟನ್ನಿಗೆ, ಆಸ್ಟ್ರೇಲಿಯಕ್ಕೆ, ಕೆನಡಕ್ಕೆ ಹೊರಟವು. ಪೆಟ್ಟಿಗೆಗಳ ಜೊತೆ ಆಲ್ಬಂಗಳೂ ಹೋದವು. 1998ರಲ್ಲಿ ಐಟಿ ಪಾರ್ಕ್ ತೆರೆದ ಮೇಲೆ ನೆಲದ ಬೆಲೆ ಏರಿತು; ಬಂಗಲೆಗಳು ಒಂದೊಂದಾಗಿ ಉರುಳಿದವು. ಮನೆ ಇಲ್ಲಿ ಬಿತ್ತು, ಅದರ ಚಿತ್ರ ಸಮುದ್ರದಾಚೆ ಯಾರದೋ ಬೀರುವಿನಲ್ಲಿದೆ. ಚಿತ್ರ ಕಂಡವರಿಗೆ ಜಾಗ ಗೊತ್ತಿಲ್ಲ, ಜಾಗದಲ್ಲಿರುವವರು ಚಿತ್ರ ಕಂಡಿಲ್ಲ.

ಈಚೆಗೆ ಕೆಲವರು ತಮ್ಮ ಅಜ್ಜ-ಅಜ್ಜಿಯರ ಫೋಟೊಗಳ ಪ್ರತಿ ಹಿಡಿದು ಊರು ಹುಡುಕಿಕೊಂಡು ಬರುವುದುಂಟು. ಮೊದಲು ಮೆಮೋರಿಯಲ್ ಚರ್ಚಿನತ್ತ, ಆಮೇಲೆ ಇನ್ನರ್ ಸರ್ಕಲ್‌ನತ್ತ. ಅಲ್ಲಿಂದ ಒಂದಿಷ್ಟು ನಡೆದು ಪಕ್ಕದ ಹಳ್ಳಿಯ ಹಿರಿಯರಿಗೂ ಆ ಚಿತ್ರ ತೋರಿಸಬೇಕು. ಅಂಚಿನಲ್ಲಿ ಕುದುರೆ ಹಿಡಿದು ನಿಂತ ಹುಡುಗ ಯಾರ ಮನೆಯವನೆಂದು ಅವರಲ್ಲೊಬ್ಬರಿಗೆ ಇನ್ನೂ ಗೊತ್ತಿರಬಹುದು.