ಹೃದಯ ತಜ್ಞರ ತಾರೀಖು ಬರುವವರೆಗೆ

ಕಳೆದ ಚಳಿಗಾಲದಲ್ಲಿ ಅರವತ್ತು ದಾಟಿದ ಚಾಚಾ ಒಬ್ಬರು ನನ್ನ ದವಾಖಾನೆಗೆ ಬಂದರು. ವರ್ಷಗಟ್ಟಲೆ ಲಾರಿ ಓಡಿಸಿದವರು, ಈಗ ಮಗನ ಅಂಗಡಿಯಲ್ಲಿ ಕೂರುತ್ತಾರೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ, ನಿಂತರೆ ಸರಿಹೋಗುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಮಾತ್ರೆ ಕೊಟ್ಟು, ದೊಡ್ಡ ಆಸ್ಪತ್ರೆಗೆ ಚೀಟಿ ಬರೆದಿದ್ದರು. ಅಲ್ಲಿ ಆಂಜಿಯೋಗ್ರಾಂಗೆ ಏಳು ವಾರ ಬಿಟ್ಟು ತಾರೀಖು ಸಿಕ್ಕಿತ್ತು.

"ಹಕೀಂ ಸಾಹೇಬ್ರೇ, ಅಲ್ಲೀತನಕ ನಿಮ್ಮ ಖಮೀರಾ ಏನಾದ್ರೂ ಕೊಡ್ರಿ" ಎಂದರು.

ತಾಲೂಕು ಆಸ್ಪತ್ರೆಯ ಮಾತ್ರೆ ಎಲ್ಲಿ ಎಂದು ಕೇಳಿದೆ.

"ಹದಿನೈದು ದಿನದ್ದು ಕೊಟ್ಟಿದ್ರು, ಮುಗೀತು. ಇನ್ನು ದೊಡ್ಡ ಡಾಕ್ಟರು ನೋಡಿ ಬರೆದ ಮೇಲೆ ತಗೊಳ್ಳೋಣ ಅಂತ ಬಿಟ್ಟೆ."

ಈ ಉತ್ತರ ನನಗೆ ಹೊಸದಲ್ಲ. ತಾರೀಖಿನ ಚೀಟಿ ಕಿಸೆಗೆ ಬಂದ ಕೂಡಲೇ ಕಾಯಿಲೆಯೂ ಆ ದಿನದವರೆಗೆ ಸುಮ್ಮನೆ ಕಾದಿರುತ್ತದೆ ಎಂದು ನಾವು ನಂಬಿಬಿಡುತ್ತೇವೆ. ಆ ಏಳೆಂಟು ವಾರಗಳಲ್ಲಿ ಆಗುವ ಅನಾಹುತಗಳು ಹೆಚ್ಚಾಗಿ ಎರಡು ಕಾರಣಕ್ಕೆ: ಇದ್ದ ಮಾತ್ರೆ ನಿಲ್ಲಿಸಿರುತ್ತಾರೆ, ಇಲ್ಲವೇ ನೋವು ಜೋರಾದರೂ "ಹೇಗೂ ಡೇಟ್ ಇದೆಯಲ್ಲ" ಎಂದು ಮನೆಯಲ್ಲೇ ಕೂತಿರುತ್ತಾರೆ.

ಮೊದಲು ಮಾತ್ರೆಯ ವಿಷಯ ಹೇಳುತ್ತೇನೆ. ಚೀಟಿಯಲ್ಲಿ ಬರೆದ ದಿನಗಳು ಮುಗಿದರೆ ಔಷಧದ ಅಗತ್ಯ ಮುಗಿಯಿತು ಎಂದು ಅರ್ಥವಲ್ಲ. ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ ಮುಂದುವರಿಸಬೇಕೇ ಎಂದು ಕೇಳಿ, ಹೊಸದಾಗಿ ಬರೆಸಿಕೊಳ್ಳಿ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಮೊದಲಿಗಿಂತ ಜೋರಾಗಿ ಮರಳಬಹುದು. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಹಲ್ಲು ಕೀಳಿಸಬೇಕೆಂದು ಯಾರೋ ನಿಲ್ಲಿಸಲು ಹೇಳಿದರೂ, ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಹೃದ್ರೋಗಿಗೆ ಒಳ್ಳೆಯದಲ್ಲ. ಮೈಯಲ್ಲಿ ನೀರು ನಿಲ್ಲಿಸುತ್ತವೆ, ಬಿಪಿ ಏರಿಸುತ್ತವೆ.

ಇನ್ನು ಖಮೀರಾ. ನಾನು ಯುನಾನಿ ಓದಿದವನು, ಅದನ್ನೇ ನಂಬಿ ಬದುಕುವವನು. ಹೃದಯದ ಔಷಧಗಳ ಬಗ್ಗೆಯೇ ಇಬ್ನ್ ಸೀನಾ ಒಂದು ಪ್ರತ್ಯೇಕ ಗ್ರಂಥ ಬರೆದಿದ್ದಾರೆ. ಖಮೀರಾ ಅಬ್ರೇಶಮ್, ದವಾಉಲ್ ಮಿಸ್ಕ್‌ಗಳನ್ನು ಹೃದಯಕ್ಕೆ ಬಲ ಕೊಡುವ ಔಷಧಗಳೆಂದು ನಾವು ಇಂದಿಗೂ ಬಳಸುತ್ತೇವೆ. ಆದರೆ ಮುಚ್ಚಿಕೊಂಡ ರಕ್ತನಾಳವನ್ನು ಖಮೀರಾ ತೆರೆಯುತ್ತದೆ ಎಂದು ಯಾವ ಹಕೀಮರಾದರೂ ನಿಮಗೆ ಹೇಳಿದರೆ, ಎದ್ದು ಬನ್ನಿ. ಖಮೀರಾ, ಮಾಜೂನ್, ಶರಬತ್ ಎಲ್ಲವೂ ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ತಯಾರಾಗುವುದರಿಂದ ಸಕ್ಕರೆ ಕಾಯಿಲೆ ಇರುವವರಿಗೆ ಅದೇ ಇನ್ನೊಂದು ತೊಂದರೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಬೆಳ್ಳುಳ್ಳಿಯನ್ನು ಔಷಧದಂತೆ ಹೆಚ್ಚಾಗಿ ತಿಂದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಸಾರಿಗೆ ಹಾಕುವ ನಾಲ್ಕು ಎಸಳಿನ ಮಾತಲ್ಲ ಇದು. ನೀವು ತೆಗೆದುಕೊಳ್ಳುವ ಯುನಾನಿ, ಆಯುರ್ವೇದ, ಮನೆಮದ್ದು ಎಲ್ಲವನ್ನೂ ತಜ್ಞರಿಗೆ ಹೇಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಚಾಚಾಗೆ ನಾನು ಅಂದು ಏನೂ ಕೊಡಲಿಲ್ಲ, ಮಗನ ಜೊತೆ ಅದೇ ದಿನ ತಾಲೂಕು ಆಸ್ಪತ್ರೆಗೆ ಕಳುಹಿಸಿದೆ. ಮುಖ ಸಪ್ಪಗಾಗಿದ್ದು ನಿಜ.

ಈಗ ಎರಡನೆಯದು. ತಾರೀಖು ಇರುವುದು ಈಗಿರುವ ಸ್ಥಿತಿಗೆ. ಸ್ಥಿತಿ ಬದಲಾದರೆ ಆ ತಾರೀಖಿಗೆ ಬೆಲೆಯಿಲ್ಲ. ನಡೆದಾಗ ಬಂದು ನಿಂತರೆ ಕೆಲವೇ ನಿಮಿಷದಲ್ಲಿ ಹೋಗುವ ನೋವು ಒಂದು ರೀತಿ. ಅದೇ ನೋವು ಸುಮ್ಮನೆ ಕೂತಾಗ ಬಂದರೆ, ನಿದ್ದೆಯಿಂದ ಎಬ್ಬಿಸಿದರೆ, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರತೊಡಗಿದರೆ, ದಿನಕ್ಕೆ ಹಲವು ಬಾರಿ ಆದರೆ ಅದು ಬೇರೆಯೇ. ಎದೆಯ ಮೇಲೆ ಕಲ್ಲಿಟ್ಟಂತೆ ಭಾರವಾಗಿ ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಮಲಗಿದರೆ ಉಸಿರುಕಟ್ಟಿ ಎದ್ದು ಕೂರುವಂತಾಗುವುದು, ಇವು ಯಾವುದಾದರೂ ಇದ್ದರೆ ಅಂದೇ, ಆಗಲೇ ತುರ್ತು ವಿಭಾಗಕ್ಕೆ ಹೋಗಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಉಬ್ಬಸ, ವಾಕರಿಕೆ, ವಿಪರೀತ ಸುಸ್ತು ಆಗಿ ಬರುವುದುಂಟು. ಅಮ್ಮಂದಿರು ಅಡುಗೆ ಮುಗಿಸಿ ಮಲಗಿದರೆ ಸರಿಹೋಗುತ್ತದೆ ಎನ್ನುತ್ತಾರೆ.

ಎಲ್ಲಕ್ಕಿಂತ ನನಗೆ ಭಯವಾಗುವ ಪದ "ಗ್ಯಾಸ್". ಪ್ರಾಕ್ಟೀಸ್ ಶುರುಮಾಡಿದ ಹೊಸದರಲ್ಲಿ, ರಾತ್ರಿ ಊಟದ ನಂತರ ಎದೆಯುರಿ ಎಂದು ಬಂದ ಒಬ್ಬರಿಗೆ ನಾನೇ ಜವಾರಿಶ್ ಕಮೂನಿ ಕೊಟ್ಟು ಕಳುಹಿಸಿದ್ದೆ. ಬೆವರುತ್ತಿದ್ದರು, ಸೆಕೆ ಎಂದುಕೊಂಡೆ. ಬೆಳಗಿನ ಜಾವ ಅವರನ್ನು ಆಸ್ಪತ್ರೆಗೆ ಸೇರಿಸಿದರು, ಹೃದಯಾಘಾತ. ಬದುಕಿದರು, ಆದರೆ ಹೃದಯದ ಬಲ ಕುಂದಿತು. ಅಂದಿನಿಂದ ನಲವತ್ತು ದಾಟಿದವರು ಎದೆಯ ಮೇಲೆ ಕೈಯಿಟ್ಟು ಗ್ಯಾಸ್ ಎಂದರೆ ಮೊದಲು ಇಸಿಜಿಗೆ ಕಳಿಸುತ್ತೇನೆ. ಒಂದು ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದೂ ಅಲ್ಲ. ನೋವು ಇಲ್ಲದಾಗ ತೆಗೆದ ಇಸಿಜಿ ಚೆನ್ನಾಗಿಯೇ ಕಾಣಬಹುದು.

ಅಂಥ ನೋವು ಬಂದಾಗ ನಡೆಯಬೇಡಿ, ಬೈಕಿನ ಹಿಂದೆ ಕೂರಬೇಡಿ, ಕೂತಲ್ಲಿಂದಲೇ 108ಕ್ಕೆ ಕರೆ ಮಾಡಿಸಿ. ಮನೆಯಲ್ಲಿ ಯಾವ ಮಾತ್ರೆ ಅಗಿಯಬೇಕು, ನಾಲಿಗೆಯಡಿ ಏನಿಡಬೇಕು ಎಂದು ನಿಮ್ಮ ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ. ಎಲ್ಲರಿಗೂ ಒಂದೇ ಅಲ್ಲ. ಆಸ್ಪಿರಿನ್ ಒಗ್ಗದವರಿದ್ದಾರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವವರಿದ್ದಾರೆ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಬಿಪಿ ಇಳಿಸುತ್ತದೆ, ಆದ್ದರಿಂದ ಕೂತೇ ಇಡಬೇಕು. ಇನ್ನೊಂದು ಮಾತನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಗಂಡಸರ "ಶಕ್ತಿ"ಗೆಂದು ಮಾರುವ ಕೆಲವು ಗಿಡಮೂಲಿಕೆ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಪತ್ತೆಯಾಗಿದೆ. ಅದನ್ನು ನುಂಗಿದವರು ಸಾರ್ಬಿಟ್ರೇಟ್ ಇಟ್ಟರೆ ಬಿಪಿ ಪಾತಾಳಕ್ಕಿಳಿಯುತ್ತದೆ. ತಗೊಂಡಿದ್ದರೆ ಆಂಬ್ಯುಲೆನ್ಸಿನವರಿಗೆ ಹೇಳಲೇಬೇಕು.

ದೊಡ್ಡ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರವಿದೆ ಎಂದು ಕೈಚೆಲ್ಲಬೇಡಿ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಹೃದಯ ಜ್ಯೋತಿ ಯೋಜನೆ ಬಂದಿದೆ. ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಒಂದೆರಡು ಗಂಟೆಯಲ್ಲಿ ಬಿದ್ದರೆ ಅದರ ಫಲ ಹೆಚ್ಚು. ನಿಮ್ಮ ತಾಲೂಕಿನಲ್ಲಿ ಇದೆಯೇ ಎಂದು ಇವತ್ತೇ ವಿಚಾರಿಸಿಡಿ.

ತಾರೀಖನ್ನು ಮುಂಚೆ ತರಿಸಲು ಸಾಧ್ಯವೇ? ಕೆಲವೊಮ್ಮೆ ಸಾಧ್ಯ. ಕೌಂಟರಿನಲ್ಲಿ ಜಗಳವಾಡಿದರೆ ಆಗದು. ಲಕ್ಷಣ ಹೆಚ್ಚಿದ್ದರೆ ಸ್ಥಳೀಯ ವೈದ್ಯರಿಂದ ಹೊಸ ಪತ್ರ ಬರೆಸಿ. ವಿಶ್ರಾಂತಿಯಲ್ಲೂ ನೋವು ಬರುತ್ತಿದೆ, ಇಸಿಜಿ ಬದಲಾಗಿದೆ, ಎಕೋದಲ್ಲಿ ಪಂಪಿಂಗ್ ಇಷ್ಟಿದೆ ಎಂದು ಸ್ಪಷ್ಟವಾಗಿರಲಿ. ಯಾರಾದರೂ ಬಾರದೆ ಜಾಗ ಖಾಲಿಯಾದರೆ ತಿಳಿಸಿ ಎಂದು ಸರಿಯಾದ ಫೋನ್ ನಂಬರ್ ಕೊಟ್ಟು ಬನ್ನಿ, ವಾರಕ್ಕೊಮ್ಮೆ ನೀವೇ ವಿಚಾರಿಸಿ. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಜಯದೇವ ಸಂಸ್ಥೆಯ ಆಸ್ಪತ್ರೆ ಮೈಸೂರು, ಕಲಬುರಗಿಯಲ್ಲೂ ಇದೆ. ಬಿಪಿಎಲ್ ಕುಟುಂಬಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡು ಮಾಡಿಸಲು, ಬೇಕಾದ ರೆಫರಲ್ ಚೀಟಿ ಹೊಂದಿಸಲು ಈ ಕಾಯುವ ದಿನಗಳೇ ಸರಿಯಾದ ಸಮಯ. ಎಷ್ಟೋ ಮಂದಿ ಆಸ್ಪತ್ರೆಯವರೆಗೆ ಹೋಗಿ ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಬೇರೆಬೇರೆ ಇದೆ ಎಂದು ವಾಪಸ್ ಬಂದಿದ್ದಾರೆ. ಒಂದರಲ್ಲಿ ಶೇಖ್, ಇನ್ನೊಂದರಲ್ಲಿ ಶೇಕ್!

ಮನೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಐದು ನಿಮಿಷ ಕೂತ ನಂತರ ನೋಡಿದ ಬಿಪಿ, ನೋವು ಬಂದ ಹೊತ್ತು, ಆಗ ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ ಇತ್ತು, ಇಷ್ಟು ಸಾಕು. ಹೃದಯದ ಪಂಪಿಂಗ್ ಕಡಿಮೆ ಎಂದಿದ್ದರೆ ದಿನಾ ಬೆಳಿಗ್ಗೆ ತೂಕವನ್ನೂ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ.

ಊಟದ ಬಗ್ಗೆ ನಿಮಗೆ ಗೊತ್ತಿರುವುದೇ. ಉಪ್ಪು ಎಲ್ಲ ಸೇರಿ ದಿನಕ್ಕೆ ಒಂದು ಚಹಾ ಚಮಚ ಮೀರದಿರಲಿ, ಉಪ್ಪಿನಕಾಯಿ, ಒಣಮೀನು, ಹಪ್ಪಳ ಲೆಕ್ಕಕ್ಕೆ ಸೇರುತ್ತವೆ. ಬೀಡಿ, ಸಿಗರೇಟು ಇಂದೇ ಬಿಡಿ, ತಂಬಾಕಿನ ಗುಟ್ಕಾವೂ ಹೃದಯಕ್ಕೆ ಕೆಡುಕೇ. ನೋವು ಬರದಷ್ಟು ದೂರ ಸಮತಟ್ಟು ದಾರಿಯಲ್ಲಿ ನಿಧಾನ ನಡೆಯಬಹುದೇ ಎಂದು ವೈದ್ಯರನ್ನು ಕೇಳಿ ನಡೆಯಿರಿ. ಕಾಯುವ ದಿನಗಳಲ್ಲಿ ರಮಝಾನ್ ಬಂದರೆ ಮಾತ್ರೆಯ ಹೊತ್ತನ್ನು ನೀವೇ ಸಹರಿಗೂ ಇಫ್ತಾರಿಗೂ ಹಂಚಿಕೊಳ್ಳಬೇಡಿ. ರೋಗಿಗೆ ರಿಯಾಯಿತಿ ಇದೆ, ಉಪವಾಸ ಮಾಡಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ.

ಆ ದಿನ ಬಂದಾಗ ಹಳೆಯ ಇಸಿಜಿ, ಎಕೋ, ಸಕ್ಕರೆ, ಕ್ರಿಯಾಟಿನಿನ್ ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಒಂದೇ ಫೈಲಿಗೆ ಹಾಕಿಕೊಳ್ಳಿ. ಮಾತ್ರೆಗಳ ಹೆಸರು ನೆನಪಿರುವುದಿಲ್ಲ, ಸ್ಟ್ರಿಪ್ಪುಗಳನ್ನೇ ಚೀಲದಲ್ಲಿ ಒಯ್ಯಿರಿ. ಖಾಲಿ ಹೊಟ್ಟೆಯಲ್ಲಿ ಬರಬೇಕೇ, ಸಕ್ಕರೆ ಮಾತ್ರೆ ನಿಲ್ಲಿಸಬೇಕೇ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿ. ತಜ್ಞರ ಮುಂದೆ ಸಿಗುವುದು ಕೆಲವೇ ನಿಮಿಷ. ಆಗ ಸೊಸೆಯ ಮದುವೆ, ಊರಿನ ಮಳೆಯ ಕಥೆ ಬೇಡ, ನೋಟ್‌ಬುಕ್ ತೆರೆದಿಡಿ. ಜೊತೆಗೆ ಹೋಗುವವರು ಬರೆದುಕೊಳ್ಳಬಲ್ಲವರಾಗಿರಲಿ.

ಚಾಚಾನ ಮಗ ಮುಂದಿನ ಸಲ ಬಂದಾಗ ಅಂಗಡಿಯ ಹಳೆಯ ಉದ್ರಿ ಪುಸ್ತಕವೊಂದನ್ನು ತಂದಿದ್ದ. ಹಿಂದಿನ ಪುಟಗಳಲ್ಲಿ ಸಿಮೆಂಟು, ಸಲಾಕೆಯ ಬಾಕಿ, ಕೊನೆಯ ಪುಟಗಳಲ್ಲಿ ಅಪ್ಪನ ಬಿಪಿ. ಐದನೇ ವಾರದ ಒಂದು ಸಾಲಿನಲ್ಲಿ "ರಾತ್ರಿ 2 ಗಂಟೆ, ಮಲಗಿದ್ದಾಗ ನೋವು, 20 ನಿಮಿಷ" ಎಂದಿತ್ತು. ಅದೇ ರಾತ್ರಿ ಅವರು 108ಕ್ಕೆ ಕರೆ ಮಾಡಿದ್ದರು. ತಾರೀಖಿಗೆ ಇನ್ನೂ ಎರಡು ವಾರವಿರುವಾಗಲೇ ಚಾಚಾಗೆ ಸ್ಟೆಂಟ್ ಹಾಕಿ ಆಗಿತ್ತು.