ಅಟ್ಟಕ್ಕೆ ಮರ, ನೆಲಕ್ಕೆ ಕಲ್ಲು – ಏಕೆ?

ಮಕ್ಕಳೇ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ ಹಳೆಯ ತೊಟ್ಟಿ ಮನೆಯೊಂದನ್ನು ನೋಡಿದ್ದೀರಾ? ಕೆಳಗೆ ಸಗಣಿ ಸಾರಿಸಿದ ಮಣ್ಣಿನ ನೆಲ, ಕಲ್ಲಿನ ಚಪ್ಪಡಿ ಅಥವಾ ಗಾರೆ ನೆಲ. ತಲೆಯ ಮೇಲಿನ ಅಟ್ಟಕ್ಕೆ ಮಾತ್ರ ಮರದ ಹಲಗೆ. ಅಟ್ಟವೂ ಒಂದು ನೆಲವೇ ಅಲ್ಲವೇ? ಅಲ್ಲಿ ರಾಗಿ ಮೂಟೆ ಇಡುತ್ತಾರೆ, ಜನ ಓಡಾಡುತ್ತಾರೆ. ಹಾಗಾದರೆ ಮೇಲಿನ ನೆಲಕ್ಕೆ ಹಾಕಿದ ಮರವನ್ನು ಕೆಳಗಿನ ನೆಲಕ್ಕೆ ಏಕೆ ಹಾಕಲಿಲ್ಲ? ಬನ್ನಿ, ತಿಳಿಯೋಣ.

ನೀರು ಕುಡಿಯುವ ಹಲಗೆ

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಮರವನ್ನು ಕಡಿದು ಎಷ್ಟೋ ವರ್ಷವಾದ ಮೇಲೂ ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಇಲ್ಲೊಂದು ವಿಶೇಷವಿದೆ. ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅದಕ್ಕೇ ಬೇಸಿಗೆಯಲ್ಲಿ ಅಟ್ಟದ ಹಲಗೆಗಳ ನಡುವೆ ಸಂದು ಕಾಣುತ್ತದೆ.

ಈಗ ಕಡಿದ ಹಸಿಮರದಲ್ಲಿ ಅದರ ಒಣತೂಕದ ಅರ್ಧಕ್ಕಿಂತಲೂ ಹೆಚ್ಚು ನೀರು ಇರಬಹುದು. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕೊಯ್ದ ಹಸಿ ಹಲಗೆಯನ್ನು ತಂದು, ಮಳೆ ಕಡಿಮೆ ಇರುವ ಚನ್ನರಾಯಪಟ್ಟಣದಲ್ಲಿ ಕೂಡಲೇ ಹಾಸಿದರೆ ಏನಾಗುತ್ತದೆ? ಬೇಸಿಗೆ ಬರುವಷ್ಟರಲ್ಲಿ ಹಲಗೆ ಕುಗ್ಗಿ, ಬಾಗಿ, ಸೀಳು ಬಿಡುತ್ತದೆ. ಆದ್ದರಿಂದಲೇ ಬಡಗಿಗಳು ಹಲಗೆಗಳ ನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ಒಂದರ ಮೇಲೊಂದು ಪೇರಿಸಿ, ನೆರಳಿನಲ್ಲಿ ಹಲವು ತಿಂಗಳು ಒಣಗಿಸುತ್ತಾರೆ.

ಮರದ ಇಬ್ಬರು ಶತ್ರುಗಳು

ಮರದಲ್ಲಿ ತೇವ ಸುಮಾರು 20 ಶೇಕಡಕ್ಕಿಂತ ಹೆಚ್ಚಾಗಿ ನಿಂತರೆ ಶಿಲೀಂಧ್ರಗಳು ಬೆಳೆದು ಅದನ್ನು ಕೊಳೆಸುತ್ತವೆ. ಇದು ಮೊದಲ ಶತ್ರು. ಎರಡನೆಯದು ಗೆದ್ದಲು. ಹುತ್ತ ಕಟ್ಟುವ ನಮ್ಮ ಗೆದ್ದಲುಗಳಲ್ಲಿ ಹಲವು, ತಿಂದ ಮರದ ಚೂರಿನಿಂದ ಹುತ್ತದೊಳಗೆ ಶಿಲೀಂಧ್ರದ ತೋಟವನ್ನೇ ಬೆಳೆಸುತ್ತವೆ! ಮಳೆ ಬಿದ್ದಾಗ ಹುತ್ತದ ಬಳಿ ಏಳುವ ಅಣಬೆ ಈ ತೋಟದ್ದೇ. ಗೆದ್ದಲಿಗೆ ಬೆಳಕು ಬೇಡ, ತೇವ ಬೇಕು. ಹಾಗಾಗಿ ಅದು ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ.

ಈಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಭೂಮಿಗೆ ಅಂಟಿದ ನೆಲದಲ್ಲಿ ತೇವವೂ ಇದೆ, ಗೆದ್ದಲಿಗೆ ದಾರಿಯೂ ಇದೆ. ಅಟ್ಟಕ್ಕೆ ಮೇಲೂ ಕೆಳಗೂ ಗಾಳಿಯಾಡುತ್ತದೆ. ಅಡುಗೆಮನೆಯ ಅಟ್ಟವಾದರೆ ಒಲೆಯ ಬಿಸಿ, ಹೊಗೆ ಸೇರಿ ಹಲಗೆ ಒಣಗಿಯೇ ಇರುತ್ತದೆ. ಮರದ ಕಂಬಗಳ ಕೆಳಗೆ ಕಲ್ಲಿನ ಪೀಠ ಇಡುವುದೂ ಇದೇ ಕಾರಣಕ್ಕೆ. ಬೆಂಗಳೂರಿನಲ್ಲಿ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆಯ ತೇಗದ ಕಂಬಗಳೂ ಕಲ್ಲಿನ ಪೀಠದ ಮೇಲೆಯೇ ನಿಂತಿವೆ.

ಯಾವ ಮರ ಒಳ್ಳೆಯದು?

ಕೊಯ್ದ ದಿಮ್ಮಿಯ ತುದಿಯನ್ನು ನೋಡಿ. ನಡುವೆ ಗಾಢ ಬಣ್ಣ, ಹೊರಗೆ ತೆಳು ಬಣ್ಣ. ನಡುವಿನ ಭಾಗವೇ ಚೇಗು. ತೇಗ, ಹೊನ್ನೆ, ಹಲಸಿನ ಚೇಗಿನಲ್ಲಿ ಗೆದ್ದಲು, ಶಿಲೀಂಧ್ರಗಳಿಗೆ ಹಿಡಿಸದ ವಸ್ತುಗಳು ತುಂಬಿರುತ್ತವೆ. ಹೊರಗಿನ ಬಿಳಿ ಭಾಗ ತೇಗದ್ದೇ ಆದರೂ ಗೆದ್ದಲು ಬಿಡುವುದಿಲ್ಲ. ಆದ್ದರಿಂದ ಮರದ ಹೆಸರಷ್ಟೇ ಕೇಳಿದರೆ ಸಾಲದು, ಚೇಗು ಎಷ್ಟಿದೆ ಎಂದು ನೋಡಬೇಕು.

ಹಾಸನದಂಥ ಊರುಗಳ ಕೆಲವು ಹೊಸ ಮನೆಗಳಲ್ಲಿ ಮರದಂತೆ ಕಾಣುವ ಹೊಳೆಯುವ ನೆಲ ಹಾಕಿಸುತ್ತಾರೆ. ಅದರಲ್ಲಿ ಒಂದು ಬಗೆಯ ನೆಲದ ಮೇಲ್ಪದರ ಬರಿಯ ಮರದ ಚಿತ್ರ! ಅಡಿಯಲ್ಲಿರುವುದು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ನೀರು ಇಳಿದರೆ ಅದು ಉಬ್ಬುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ. ನಿಜವಾದ ಮರದ ನೆಲ ಹಾಕುವಾಗಲೂ ಗೋಡೆಯ ಬದಿಗೆ ಸುಮಾರು 1 ಸೆಂಟಿಮೀಟರ್ ಜಾಗ ಬಿಡಬೇಕು. ಹಲಗೆ ಹಿಗ್ಗಲು ಜಾಗ ಬೇಕಲ್ಲವೇ?

ಕಾಪಾಡುವುದು ಹೇಗೆ?

* ಮರದ ನೆಲಕ್ಕೆ ನೀರು ಸುರಿದು ತೊಳೆಯಬಾರದು. ಮೆತ್ತನೆಯ ಪೊರಕೆಯಿಂದ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಮರಳು ಉಳಿದರೆ ಕಾಲಡಿಯಲ್ಲಿ ಉಜ್ಜಿ ಗೀರು ಬೀಳುತ್ತದೆ.
* ಒಡೆದ ಹೆಂಚನ್ನು ಮಳೆಗೆ ಮೊದಲೇ ಬದಲಾಯಿಸಬೇಕು. ಅಟ್ಟ ಹಾಳಾಗುವುದು ಹೆಚ್ಚಾಗಿ ಸೋರುವ ಸೂರಿನಿಂದ.
* ಅಗಸೆ ಎಣ್ಣೆ ಹಚ್ಚಿದರೆ ತೇವ ನಿಧಾನವಾಗಿ ಇಳಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಬೇಕು.
* ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ, ಹಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕೂಡಲೇ ಹಿರಿಯರಿಗೆ ಹೇಳಿ. ಅಂಥ ಹಲಗೆಯ ಮೇಲೆ ಕಾಲಿಡಬೇಡಿ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳಾಗಿರಬಹುದು.

ಚೇಗು ತುಂಬಿದ ತೇಗದ ಮರ ಬೆಳೆಯಲು ಹಲವು ದಶಕಗಳು ಬೇಕು. ಅಜ್ಜನ ಕಾಲದ ಒಂದು ಹಲಗೆಯನ್ನು ಒಣಗಿದಂತೆ ಕಾಪಾಡಿದರೆ, ಬೇರೊಂದು ಮರವನ್ನು ನಿಂತಲ್ಲೇ ಉಳಿಸಿದಂತೆ.

ಮಾಡಿ ನೋಡಿ

ಬಡಗಿಯವರಿಂದ ಒಂದು ತೆಳುವಾದ ಹಲಗೆ ಚೂರು ಕೇಳಿ ತನ್ನಿ. ಅದರ ಉದ್ದ, ಅಗಲ ಅಳೆದು ಬರೆದಿಡಿ. ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ನೆರಳಿನಲ್ಲಿ ಒಂದು ವಾರ ಒಣಗಿಸಿ ಇನ್ನೊಮ್ಮೆ ಅಳೆಯಿರಿ. ಯಾವ ಅಳತೆ ಹೆಚ್ಚು ಬದಲಾಯಿತು? ತರಗತಿಯಲ್ಲಿ ಚರ್ಚಿಸಿ.